ಊರು ಬಿಟ್ಟ ಮೇಲೆ ಹಳೇ ಊರಿನ ಕೋರ್ಟಿನಿಂದ ಸಾಲದ ಸಮನ್ಸ್ ಬಂದರೆ

ಬೆಂಗಳೂರಿನಲ್ಲಿ ಪರ್ಸನಲ್ ಲೋನ್ ತಗೊಂಡು, ಆಮೇಲೆ ಪುಣೆಗೋ ಹೈದರಾಬಾದಿಗೋ ಹೋದವರು ವಕೀಲರ ಕಚೇರಿಗೆ ಫೋನ್ ಮಾಡುವುದು ಎರಡೇ ಹೊತ್ತಿನಲ್ಲಿ. ಸಮನ್ಸ್ ಬಂದಾಗ, ಇಲ್ಲವೇ ಸಂಬಳ ಜಪ್ತಿಯಾದಾಗ. ಎರಡನೆಯವರೇ ಜಾಸ್ತಿ. ವಕೀಲರ ಗುಮಾಸ್ತನಾಗಿ ಇಂಥ ಫೋನು ಬೇಕಾದಷ್ಟು ಎತ್ತಿದ್ದೇನೆ. "ನಾನೀಗ ಬೇರೆ ರಾಜ್ಯದಲ್ಲಿದ್ದೀನಿ ಸರ್, ಅಲ್ಲಿನ ಕೋರ್ಟು ನನಗೇನು ಮಾಡುತ್ತೆ?" ಅನ್ನುತ್ತಾರೆ. ಮಾಡುತ್ತೆ. ಸಾಲ ಕೊಟ್ಟದ್ದು, ಸಹಿ ಹಾಕಿದ್ದು ಬೆಂಗಳೂರಾದರೆ ದಾವೆಯನ್ನೂ ಬೆಂಗಳೂರಿನಲ್ಲೇ ಹಾಕಬಹುದು. ನೀವು ಎಲ್ಲಿ ಮನೆ ಮಾಡಿದ್ದೀರಿ ಅನ್ನುವುದು ಅಡ್ಡ ಬರುವುದಿಲ್ಲ.

ಮೊದಲು ಅದು ನಿಜವಾದ ಕೇಸೇ ನೋಡಿ. ವಾಟ್ಸಾಪ್‌ನಲ್ಲಿ ಕೆಂಪು ಸೀಲು ಹಾಕಿ "ನಾಳೆ ಅರೆಸ್ಟ್" ಎಂದು ಕಳಿಸುವುದೆಲ್ಲ ಬರೀ ಬೆದರಿಕೆ. ನಿಜವಾದ ಕೇಸಿಗೆ 16 ಅಕ್ಷರ-ಅಂಕಿಗಳ ಸಿಎನ್‌ಆರ್ ನಂಬರ್ ಇರುತ್ತದೆ. ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಹಾಕಿದರೆ ಮುಂದಿನ ತಾರೀಕು ಸಮೇತ ಎಲ್ಲ ಕಾಣುತ್ತದೆ. ನಂಬರ್ ಇಲ್ಲದಿದ್ದರೆ ಹಳೇ ಜಿಲ್ಲೆ ಆಯ್ದು ನಿಮ್ಮ ಹೆಸರಿನಲ್ಲೇ ಹುಡುಕಿ. ಐದು ನಿಮಿಷದ ಕೆಲಸ.

ಕೇಸು ನಿಜವೆಂದಾದರೆ ಸಮನ್ಸನ್ನು ತಗೊಳ್ಳಿ. ವಾಪಸ್ ಕಳಿಸಿದರೆ ತಪ್ಪಿಸಿಕೊಂಡೆ ಅಂದುಕೊಳ್ಳುವವರು ಬಹಳ ಜನ. ಬೇಡ ಅಂದರೂ ಕೋರ್ಟು ಅದನ್ನು ತಲುಪಿದ ಲೆಕ್ಕಕ್ಕೇ ಹಾಕಬಹುದು. ಮನುಷ್ಯ ಸಿಗುತ್ತಿಲ್ಲ ಅಂತ ಬ್ಯಾಂಕಿನವರು ಅರ್ಜಿ ಹಾಕಿದರೆ, ಹಳೇ ಮನೆ ಬಾಗಿಲಿಗೆ ಅಂಟಿಸಲು ಇಲ್ಲವೇ ಪೇಪರಿನಲ್ಲಿ ಹಾಕಿಸಲು ಅನುಮತಿ ಸಿಗುತ್ತದೆ. ನೀವು ಪುಣೆಯಲ್ಲಿ ಪೋಹೆ ತಿನ್ನುತ್ತಿರುತ್ತೀರಿ, ಸಮನ್ಸು ವಿಜಯನಗರದ ಯಾರದೋ ಬಾಗಿಲಲ್ಲಿ ನೇತಾಡುತ್ತಿರುತ್ತದೆ, ಕಾನೂನಿನ ಪ್ರಕಾರ ನಿಮಗೆ ಗೊತ್ತಾಗಿದೆ!

ಈಗ ಎಲ್ಲರೂ ಎಡವುವ ಜಾಗ. ದಾವೆ ಪ್ರತಿಯ ಮೊದಲ ಪುಟ ತೆಗೆದು ಕೇಸ್ ನಂಬರಿನ ಕೆಳಗೆ ನೋಡಿ. ಅಲ್ಲಿ ಸಿವಿಲ್ ಪ್ರಕ್ರಿಯಾ ಸಂಹಿತೆಯ "ಆರ್ಡರ್ 37" ಎಂದು ಬರೆದಿದೆಯಾ? ಬರೆದಿಲ್ಲವಾದರೆ ಅದು ಮಾಮೂಲಿ ದಾವೆ, ಉತ್ತರ ಕೊಡಲು 30 ದಿನ ಇದೆ, ಕಾರಣ ಕೊಟ್ಟರೆ ಕೋರ್ಟು 90 ದಿನದವರೆಗೆ ಬಿಡಬಹುದು. ಬರೆದಿದ್ದರೆ ಮಾತ್ರ ಅವತ್ತೇ ಎದ್ದೇಳಿ. ಇದು ಸಮರಿ ಸೂಟ್, ಅಂದರೆ ಪೂರ್ತಿ ವಿಚಾರಣೆ ಇಲ್ಲದೆ ಬೇಗ ಮುಗಿಸಬಹುದಾದ ದಾವೆ. ಸಮನ್ಸ್ ಸಿಕ್ಕ 10 ದಿನದೊಳಗೆ ನೀವು ಹಾಜರಾತಿ ದಾಖಲಿಸಬೇಕು, ಜೊತೆಗೆ ನೋಟಿಸ್ ಕಳಿಸಲು ಒಂದು ವಿಳಾಸ ಕೊಡಬೇಕು. ಇಲ್ಲಿ ಹಳೇ ಮನೆಯದು ಕೊಟ್ಟು ಕೆಡಬೇಡಿ, ಈಗಿರುವ ಮನೆಯದೇ ಕೊಡಿ. ಅದೇ ದಿನ ಬ್ಯಾಂಕಿನ ವಕೀಲರಿಗೂ ತಿಳಿಸಬೇಕು. ಈ 10 ದಿನದಲ್ಲಿ ಉದ್ದನೆಯ ಉತ್ತರ ಬರೆಯುತ್ತಾ ಕೂರುವವರಿದ್ದಾರೆ, ಈಗ ಅದು ಬೇಕಿಲ್ಲ. "ಬಂದಿದ್ದೇನೆ" ಅಂತ ಹೇಳಿದರೆ ಸಾಕು. ಹೇಳದಿದ್ದರೆ ಬ್ಯಾಂಕು ಬರೆದದ್ದೆಲ್ಲ ಒಪ್ಪಿಕೊಂಡಂತೆ, ನೇರ ಡಿಕ್ರಿ, ಅಂದರೆ ಹಣ ಕಟ್ಟಿ ಅನ್ನುವ ತೀರ್ಪು.

ಹಾಜರಾದ ಮೇಲೆ ಬ್ಯಾಂಕಿನವರು ಎರಡನೇ ಸಮನ್ಸ್ ಕಳಿಸುತ್ತಾರೆ. "ಇದು ಆಗಲೇ ಬಂದಿತ್ತಲ್ಲ" ಅಂತ ಜನ ಪಕ್ಕಕ್ಕಿಡುವುದು ಇದನ್ನೇ. ಅದು ಸಿಕ್ಕ ದಿನದಿಂದ ಮತ್ತೆ 10 ದಿನ. ಅಷ್ಟರೊಳಗೆ ವಾದಿಸಲು ಅನುಮತಿ ಕೇಳಿ ಅಫಿಡವಿಟ್ ಹಾಕಬೇಕು. ಅದರಲ್ಲಿ ಕೆಲಸ ಹೋಯಿತು, ಅಪ್ಪನಿಗೆ ಹುಷಾರಿರಲಿಲ್ಲ ಅಂತ ಬರೆದರೆ ಕಂತು ಕೇಳಲು ಅನುಕೂಲವಾದೀತು, ವಾದಕ್ಕೆ ಆಗುವುದಿಲ್ಲ. ಯಾವ ತಿಂಗಳ ಕಂತು ಲೆಕ್ಕಕ್ಕೆ ಬಂದಿಲ್ಲ, ಬಡ್ಡಿ ಎಲ್ಲಿ ತಪ್ಪಿದೆ, ಕೇಳದ ಇನ್ಶೂರೆನ್ಸ್ ಎಷ್ಟು ಸೇರಿಸಿದ್ದಾರೆ, ಇದನ್ನು ಬ್ಯಾಂಕ್ ಸ್ಟೇಟ್‌ಮೆಂಟ್ ಇಟ್ಟು ತೋರಿಸಿ. ಒಂದಷ್ಟು ಹಣ ಕೊಡಬೇಕಿರುವುದು ನಿಜ ಅಂತ ನೀವೇ ಒಪ್ಪಿದರೆ ಅಷ್ಟನ್ನು ಕೋರ್ಟಿನಲ್ಲಿ ಕಟ್ಟದೆ ಅನುಮತಿ ಸಿಗುವುದಿಲ್ಲ. ಹಾಗಾಗಿ ಅಂಕಿ ಬರೆಯುವ ಮುಂಚೆ ಯೋಚನೆ ಮಾಡಿ.

ಇದಕ್ಕೆಲ್ಲ ಬೆಂಗಳೂರಿಗೆ ಓಡಾಡಬೇಕಾ? ಬೇಡ. ಸಿವಿಲ್ ದಾವೆಯಲ್ಲಿ ವಕೀಲರು ನಿಂತರೆ ಸಾಕು. ವಕಾಲತ್ತಿಗೆ (ನಿಮ್ಮ ಪರ ನಿಲ್ಲಲು ವಕೀಲರಿಗೆ ಕೊಡುವ ಅಧಿಕಾರ ಪತ್ರ) ಸಹಿ ಹಾಕಿ ಸ್ಪೀಡ್ ಪೋಸ್ಟ್ ಮಾಡಿ, ಅಫಿಡವಿಟ್‌ಗೆ ಅಲ್ಲೇ ನೋಟರಿ ಮಾಡಿಸಿ. ಆದರೆ ವಕೀಲರು ಆ ಕೋರ್ಟಿನ ಆವರಣದಲ್ಲೇ ದಿನಾ ಇರುವವರಾಗಿರಲಿ, ಪುಣೆಯ ವಕೀಲರಿಂದ ಹೇಳಿಸಿ ಕಳಿಸುವ ಏರ್ಪಾಡು ನನಗಂತೂ ಸರಿಬರುವುದಿಲ್ಲ. "999 ರೂಪಾಯಿಗೆ ನೋಟಿಸ್ ಉತ್ತರ" ಅನ್ನುವ ಆನ್‌ಲೈನ್ ಜಾಹೀರಾತುಗಳಿಗೆ ದುಡ್ಡು ಸುರಿಯಬೇಡಿ. ಸಮನ್ಸಿಗೆ ಉತ್ತರ ಹೋಗಬೇಕಾದ್ದು ಕೋರ್ಟಿಗೆ, ಇಮೇಲಿಗಲ್ಲ. ಚೆಕ್ ಬೌನ್ಸ್ ಕೇಸಿನ ದಾರಿ ಮಾತ್ರ ಬೇರೆ. ಅದು ಕ್ರಿಮಿನಲ್, ನೀವೇ ಹೋಗಿ ಜಾಮೀನು ಪಡೆಯಬೇಕಾಗುತ್ತದೆ.

ಕೇಸನ್ನು ಪುಣೆಗೆ ತರಿಸಿಕೊಳ್ಳುತ್ತೇನೆ ಅನ್ನುವವರಿಗೆ ಒಂದು ಮಾತು. ರಾಜ್ಯದಿಂದ ರಾಜ್ಯಕ್ಕೆ ವರ್ಗಾಯಿಸುವ ಅಧಿಕಾರ ಇರುವುದು ಸುಪ್ರೀಂ ಕೋರ್ಟಿಗೆ, ಎರಡು ಲಕ್ಷದ ಸಾಲಕ್ಕೆ ದೆಹಲಿ ಖರ್ಚು ಯಾಕೆ? ಸಾಲಕ್ಕೂ ಆ ಊರಿಗೂ ಸಂಬಂಧವೇ ಇಲ್ಲದ ಕೋರ್ಟಿನಲ್ಲಿ ದಾವೆ ಹಾಕಿದ್ದರೆ ಮಾತ್ರ ಆ ಆಕ್ಷೇಪವನ್ನು ಮೊದಲ ಉತ್ತರದಲ್ಲೇ ಎತ್ತಿ, ಆಮೇಲೆ ಎತ್ತಿದರೆ ಕೇಳುವುದಿಲ್ಲ. ಬಾಕಿ ಬಿದ್ದು ಮೂರು ವರ್ಷ ದಾಟಿದೆಯಾ ಅದನ್ನೂ ಎಣಿಸಿ. ಮಧ್ಯೆ "ಸಾಲ ಇರುವುದು ನಿಜ" ಅಂತ ವಸೂಲಿಯವರಿಗೆ ಬರೆದು ಸಹಿ ಹಾಕಿದ್ದರೆ ಆ ದಿನದಿಂದ ಮತ್ತೆ ಮೂರು ವರ್ಷ.

ಗೊತ್ತಾಗುವ ಹೊತ್ತಿಗೆ ಎಕ್ಸ್‌ಪಾರ್ಟಿ ಡಿಕ್ರಿ (ನೀವು ಹಾಜರಿಲ್ಲದೆ ಆದ ತೀರ್ಪು) ಆಗಿಹೋಗಿದ್ದರೆ? ಮಾಮೂಲಿ ದಾವೆಯಲ್ಲಿ ಸಮನ್ಸ್ ಸರಿಯಾಗಿ ತಲುಪಿರದಿದ್ದರೆ, ತಿಳಿದ ದಿನದಿಂದ 30 ದಿನದೊಳಗೆ ಡಿಕ್ರಿ ರದ್ದಿಗೆ ಅರ್ಜಿ ಹಾಕಬಹುದು. ಪುಣೆಯ ಬಾಡಿಗೆ ಕರಾರು, ಗ್ಯಾಸ್ ಬಿಲ್, ಕಂಪನಿಯ ವರ್ಗಾವಣೆ ಪತ್ರ ತೆಗೆದಿಡಿ. ಸಮರಿ ಸೂಟಿನಲ್ಲಿ ಇನ್ನೂ ಗಟ್ಟಿ ಕಾರಣ ಬೇಕು. ಸುಮ್ನೆ ಕೂತರೆ ಡಿಕ್ರಿ ಪುಣೆಯ ಕೋರ್ಟಿಗೇ ಬರುತ್ತದೆ. ಸಂಬಳದಲ್ಲಿ ಮೊದಲ 1,000 ಮತ್ತು ಉಳಿದದ್ದರ ಮೂರರಲ್ಲಿ ಎರಡು ಪಾಲು ಮುಟ್ಟುವಂತಿಲ್ಲ. 40,000 ಸಂಬಳವಾದರೆ ತಿಂಗಳಿಗೆ 13,000ದವರೆಗೆ ಹೋಗಬಹುದು.

ರಾಜಿಯಾಗುವುದಿದ್ದರೆ ಲೋಕ ಅದಾಲತ್‌ನಲ್ಲೇ ಆಗಿ, ಫೋನಿನಲ್ಲಿ ಬೇಡ. ಡಿಕ್ರಿ ಆದ ಮೇಲೆ ಬ್ಯಾಂಕಿಗೆ ನೇರವಾಗಿ ಕಟ್ಟಿದ ಹಣವನ್ನು 30 ದಿನದೊಳಗೆ ಕೋರ್ಟಿನ ದಾಖಲೆಗೆ ಹಾಕಿಸಿ. ಹಾಗೆ ದಾಖಲಾಗದ ಪಾವತಿಯನ್ನು ವಸೂಲಿ ನಡೆಸುವ ಕೋರ್ಟು ಲೆಕ್ಕಕ್ಕೇ ತಗೊಳ್ಳುವುದಿಲ್ಲ.