ಗೋಲ್ಡ್ ಫಿಷ್ ಸಪ್ಪಗಾದರೆ ಮೊದಲು ನೀರು ನೋಡಿ, ಔಷಧಿ ಆಮೇಲೆ

ಮೀನು ಸ್ವಲ್ಪ ಸಪ್ಪಗಾದರೆ ಸಾಕು, ಅಂಗಡಿಗೆ ಓಡಿ ನೀಲಿ ಔಷಧಿ ತಂದು ಟ್ಯಾಂಕಿಗೆ ಸುರಿಯೋದು. ಈಗಿನವರಿಗೆ ಇದೊಂದು ಚಾಳಿ. ಆ ನೀಲಿ ದ್ರವ, ಅಂದರೆ ಮೆಥಿಲೀನ್ ಬ್ಲೂ, ಫಿಲ್ಟರಿನಲ್ಲಿ ಬೆಳೆದಿರುವ ಒಳ್ಳೆಯ ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತದೆ. ಗಾಜಿನ ಅಂಚಿನ ಸಿಲಿಕೋನಿಗೆ ಹತ್ತಿದ ಬಣ್ಣವಂತೂ ಜನ್ಮಕ್ಕೆ ಹೋಗೋದಿಲ್ಲ. ಬ್ಯಾಕ್ಟೀರಿಯಾ ಸತ್ತ ಮೇಲೆ ಅಮೋನಿಯಾ, ಅಂದರೆ ಮೀನು ನೀರಿಗೆ ಹೊರಹಾಕುವ ವಿಷ, ಏರುತ್ತದೆ, ಮೊದಲೇ ಸೊರಗಿದ ಮೀನು ಹೋಗುತ್ತದೆ. ಆಮೇಲೆ "ಔಷಧಿ ಹಾಕಿದ್ರೂ ಉಳೀಲಿಲ್ಲ ಆಂಟಿ" ಅಂತ ಮುಖ ಸಣ್ಣ ಮಾಡಿಕೊಂಡು ಬರೋದು. ಔಷಧಿ ಹಾಕಿದ್ದಕ್ಕೇ ಉಳಿಯಲಿಲ್ಲ ಕಣ್ರೀ.

ಗೋಲ್ಡ್ ಫಿಷ್ಷಿಗೆ ಬರುವ ಕಾಯಿಲೆಯಲ್ಲಿ ಹೆಚ್ಚಿನದು ನೀರಿನಿಂದಲೇ. ರೆಕ್ಕೆ ಮಡಚಿಕೊಂಡು ಮೂಲೆಯಲ್ಲಿ ಕೂತಿದೆ, ಕಿವಿರು ಬೇಗಬೇಗ ಬಡಿಯುತ್ತಿದೆ, ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದೆ ಅಂದರೆ ಮೊದಲು ಊಟ ನಿಲ್ಲಿಸಿ, ಮೂರರಲ್ಲೊಂದು ಪಾಲು ನೀರು ಬದಲಾಯಿಸಿ. ಅಮೋನಿಯಾ ಟೆಸ್ಟ್ ಕಿಟ್ ಇದ್ದರೆ ನೋಡಿ, ಸೊನ್ನೆ ಬರಬೇಕು. ಬರದಿದ್ದರೆ ಸೊನ್ನೆಗೆ ಇಳಿಯುವ ತನಕ ದಿನಾ ಬದಲಾಯಿಸುತ್ತಿರಿ. ಬೇಸಿಗೆಯಲ್ಲಿ ನೀರು ಬೆಚ್ಚಗಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ, ಅಮೋನಿಯಾದ ವಿಷ ಜಾಸ್ತಿ. ಏಪ್ರಿಲ್–ಮೇನಲ್ಲಿ ಏರ್ ಪಂಪ್ ಆಫ್ ಮಾಡಿ ಕರೆಂಟ್ ಉಳಿಸುವ ಬುದ್ಧಿವಂತಿಕೆ ಬೇಡ.

ಹಿಂದೆ ಅಂಗಳದ ಕಲ್ಲುತೊಟ್ಟಿಗೆ ಬಾವಿಯಿಂದ ನೀರು ಸೇದಿ ಹಾಕುತ್ತಿದ್ದರು, ಕ್ಲೋರಿನ್ನಿನ ಗೊಡವೆಯೇ ಇರಲಿಲ್ಲ. ಈಗ ನಲ್ಲಿ ನೀರನ್ನು ಅಗಲ ಬಾಯಿಯ ಬಕೆಟ್ಟಿನಲ್ಲಿ ಒಂದು ದಿನ ತೆರೆದಿಡಿ, ಇಲ್ಲವೇ ಅಂಗಡಿಯಲ್ಲಿ ಸಿಗುವ ಆಂಟಿ ಕ್ಲೋರಿನ್ ಹನಿ ಹಾಕಿ. ಫಿಲ್ಟರಿನ ಸ್ಪಂಜನ್ನು ನಲ್ಲಿಯ ಕೆಳಗೆ ಹಿಡಿದು ಬೆಳ್ಳಗಾಗುವ ತನಕ ತಿಕ್ಕೋದು ಇನ್ನೊಂದು ಅನಾಹುತ. ಟ್ಯಾಂಕಿನಿಂದ ತೆಗೆದ ಹಳೇ ನೀರಿನಲ್ಲೇ ಎರಡು ಸಲ ಹಿಂಡಿದರೆ ಸಾಕು.

ಇನ್ನು ಉಪ್ಪಿನ ಟಬ್. ಇದನ್ನು ಸರಿಯಾಗಿ ಮಾಡುವವರು ಕಡಿಮೆ. ಟ್ಯಾಂಕಿಗೇ ಒಂದು ಹಿಡಿ ಉಪ್ಪು ಎಸೆದು ಕೈ ಒರೆಸಿಕೊಂಡರೆ ಅದು ಚಿಕಿತ್ಸೆಯಲ್ಲ. ಸಿಹಿನೀರಿನ ಮೀನಿನ ಮೈಯೊಳಗಿನ ಉಪ್ಪು ಕಿವಿರಿನ ಮೂಲಕ ಸದಾ ಸೋರುತ್ತಿರುತ್ತದೆ, ನೀರು ಒಳಗೆ ನುಗ್ಗುತ್ತಿರುತ್ತದೆ. ಕಾಯಿಲೆ ಬಿದ್ದಾಗ ಅದನ್ನು ತಡೆಯುವ ಶಕ್ತಿ ಇರುವುದಿಲ್ಲ. ಹೊರಗಿನ ನೀರಿಗೇ ಅಳತೆಯ ಉಪ್ಪು ಬಿದ್ದರೆ ಆ ದುಡಿಮೆ ಇಳಿಯುತ್ತದೆ.

ಸೋಪು ಮುಟ್ಟದ ಪ್ಲಾಸ್ಟಿಕ್ ಟಬ್ ತೆಗೆದುಕೊಳ್ಳಿ, ಬಟ್ಟೆ ನೆನೆಸಿದ್ದು ಬೇಡವೇ ಬೇಡ. ನೀರು 20 ಲೀಟರ್. ಕುಡಿಯುವ ನೀರಿನ ದೊಡ್ಡ ಕ್ಯಾನು ಮನೆಯಲ್ಲಿ ಇದ್ದೇ ಇರುತ್ತದಲ್ಲ, ಅದೇ ಅಳತೆ. ನೀರು ಕ್ಲೋರಿನ್ ಹೋಗಿದ್ದಾಗಿರಬೇಕು, ಟ್ಯಾಂಕಿನಷ್ಟೇ ಬೆಚ್ಚಗಿರಬೇಕು. ಕೈ ಅದ್ದಿ ನೋಡಿದರೆ ವ್ಯತ್ಯಾಸ ತಿಳಿಯಬಾರದು. ಒಳಗೆ ಏರ್ ಸ್ಟೋನ್, ಅಂದರೆ ಪಂಪಿನ ಗಾಳಿಯನ್ನು ಗುಳ್ಳೆಯಾಗಿ ಬಿಡುವ ಕಲ್ಲು, ಕಡ್ಡಾಯ. ಉಪ್ಪು ಅಂದರೆ ಉಪ್ಪಿನಕಾಯಿಗೆ ಹಾಕುವ ಹರಳುಪ್ಪು, ಬೇರೇನೂ ಬೆರೆಸಿರದ್ದು. ಲೀಟರಿಗೆ 1 ಗ್ರಾಂ ಲೆಕ್ಕದಲ್ಲಿ ಮೊದಲ ಸಲಕ್ಕೆ 20 ಗ್ರಾಂ. ಅದೊಂದು ಸಣ್ಣ ಹಿಡಿ. ಆದರೆ ನನ್ನ ಹಿಡಿ ಬೇರೆ, ನಿಮ್ಮ ಹಿಡಿ ಬೇರೆ, ಒಮ್ಮೆ ತಕ್ಕಡಿಯಲ್ಲಿ ತೂಗಿ ಅಂಗೈಗೆ ಅಭ್ಯಾಸ ಮಾಡಿಸಿ. ಅದನ್ನು ಟಬ್ಬಿನದೇ ಒಂದು ಮಗ್ ನೀರಿನಲ್ಲಿ ಹಾಕಿ, ತಳದಲ್ಲಿ ಒಂದು ಹರಳೂ ಉಳಿಯದಂತೆ ಕಲಕಿ. ಗೋಲ್ಡ್ ಫಿಷ್ ಕಂಡದ್ದನ್ನೆಲ್ಲ ಬಾಯಿಗೆ ಹಾಕಿಕೊಳ್ಳುವ ಜಾತಿ, ಹರಳು ಸಿಕ್ಕಿದರೆ ಬಾಯೇ ಸುಡುತ್ತದೆ. ಕರಗಿದ ನೀರನ್ನು ಗುಳ್ಳೆ ಏಳುವ ಜಾಗದಲ್ಲಿ ಸಣ್ಣ ಧಾರೆಯಾಗಿ ಬಿಡಿ. ಹನ್ನೆರಡು ಗಂಟೆ ಬಿಟ್ಟು ಇನ್ನೊಮ್ಮೆ 20 ಗ್ರಾಂ, ಮತ್ತೆ ಹನ್ನೆರಡು ಗಂಟೆಗೆ ಕೊನೆಯ 20. ಅಲ್ಲಿಗೆ ಲೀಟರಿಗೆ 3 ಗ್ರಾಂ ಆಯಿತು, ಅದಕ್ಕಿಂತ ಮೇಲೆ ಹೋಗಬೇಡಿ. ನಡುವೆ ಮೀನು ಮಗ್ಗುಲಾದರೆ, ಉರುಳಾಡಿದರೆ, ತಕ್ಷಣ ಅರ್ಧ ನೀರು ತೆಗೆದು ಸಪ್ಪೆ ನೀರು ಹಾಕಿ.

ಮೇಲೊಂದು ತೆಳು ಹತ್ತಿ ಬಟ್ಟೆ ಹೊದಿಸಿ, ಬೆಳಕೂ ಮಂಕಾಗುತ್ತದೆ, ಹಾರಿ ನೆಲಕ್ಕೂ ಬೀಳುವುದಿಲ್ಲ. ಟಬ್ಬಿನಲ್ಲಿ ಫಿಲ್ಟರ್ ಇಲ್ಲ, ಹಾಗಾಗಿ ದಿನಾ ಅರ್ಧ ನೀರು ಬದಲಾಗಲೇಬೇಕು. ಎಲ್ಲರೂ ಎಡವುವುದು ಇಲ್ಲೇ. ನೀರು ಆವಿಯಾಗುತ್ತದೆ, ಉಪ್ಪು ಆವಿಯಾಗುವುದಿಲ್ಲ. ಒಣಗಿ ಇಳಿದ ನೀರಿಗೆ ಸಪ್ಪೆ ನೀರು ಸೇರಿಸಿ. ಹೊರಗೆ ತೆಗೆದ 10 ಲೀಟರಿಗೆ ಮಾತ್ರ ಅಷ್ಟರದೇ ಉಪ್ಪು, 30 ಗ್ರಾಂ, ಹೊಸ ನೀರಿನಲ್ಲಿ ಮೊದಲೇ ಕರಗಿಸಿ ಹಾಕಿ. ಅಮೋನಿಯಾ ಹೀರುತ್ತದೆ ಅಂತ ಮಾರುವ ಜಿಯೋಲೈಟ್ ಕಲ್ಲು ಟಬ್ಬಿನಲ್ಲಿ ಇರಬಾರದು, ಉಪ್ಪು ತಾಗಿದರೆ ಹೀರಿದ್ದನ್ನೆಲ್ಲ ನೀರಿಗೇ ಉಗುಳುತ್ತದೆ. ಟ್ಯಾಂಕಿನ ಹಳೇ ನೀರು ದಾಸವಾಳದ ಕುಂಡಕ್ಕೆ ಅಮೃತ, ಉಪ್ಪಿನ ಟಬ್ಬಿನದು ಮಾತ್ರ ಬಚ್ಚಲಿಗೆ.

ಮೈಮೇಲೆ ರವೆ ಉದುರಿಸಿದ ಹಾಗೆ ಬಿಳಿ ಚುಕ್ಕೆ ಎದ್ದಿದ್ದರೆ ಅದು ಇಕ್, ಮೈಗೆ ಅಂಟಿ ಬದುಕುವ ಒಂದು ಸೂಕ್ಷ್ಮ ಹುಳುವಿನ ಕಾಯಿಲೆ. ಮೈಗೆ ಅಂಟಿರುವ ಚುಕ್ಕೆಗೆ ಉಪ್ಪು ನಾಟುವುದಿಲ್ಲ. ಅದು ಕಳಚಿ, ಒಡೆದು, ಮರಿಹುಳು ನೀರಿನಲ್ಲಿ ಈಜುವಾಗ ಮಾತ್ರ ಸಾಯುತ್ತದೆ. ಚುಕ್ಕೆ ಹೋಯಿತು ಅಂತ ಮಾರನೇ ದಿನವೇ ನಿಲ್ಲಿಸಿದರೆ ಮತ್ತೆ ಬರುತ್ತದೆ, ಕೊನೆಯ ಚುಕ್ಕೆ ಮಾಯವಾದ ಮೇಲೂ ಒಂದು ವಾರ ಉಪ್ಪಿರಲಿ. ಹುಳು ಟ್ಯಾಂಕಿನ ಜಲ್ಲಿಯಲ್ಲೂ ಇರುತ್ತದೆ. ಹಾಗಾಗಿ ಇದೊಂದಕ್ಕೆ ಮಾತ್ರ ಗಿಡಗಳನ್ನು ತೆಗೆದು ಟ್ಯಾಂಕಿಗೇ ಅದೇ ಲೆಕ್ಕದಲ್ಲಿ ಉಪ್ಪು ಹಾಕಿ. ಹಾಕುವ ಮುನ್ನ ಕಣ್ಣು ಬಿಟ್ಟು ನೋಡಿ. ಚುಕ್ಕೆ ಕಿವಿರಿನ ಮುಚ್ಚಳದ ಮೇಲೆ, ಎದೆ ರೆಕ್ಕೆಯ ಮುಂದಿನ ಅಂಚಿನಲ್ಲಿ ಮಾತ್ರ ಸಾಲಾಗಿದ್ದು ಮೀನು ಚುರುಕಾಗಿದ್ದರೆ ಅದು ರೋಗವಲ್ಲ, ಬೆದೆಗೆ ಬಂದ ಗಂಡು. ಅದನ್ನು ಅದರ ಪಾಡಿಗೆ ಬಿಡಿ.

ತಲೆಕೆಳಗಾಗಿ ತೇಲುವುದು ಬಹುತೇಕ ಹೊಟ್ಟೆಯ ತೊಂದರೆ, ಅದರಲ್ಲೂ ಒರಾಂಡಾದಂಥ ಗುಂಡು ಮೈಯವಕ್ಕೆ. ಎರಡು ಮೂರು ದಿನ ಉಪವಾಸ ಹಾಕಿ. ಆಮೇಲೆ ಹಸಿ ಬಟಾಣಿಯನ್ನು ಉಪ್ಪಿಲ್ಲದೆ ಬೇಯಿಸಿ, ಸಿಪ್ಪೆ ಕಿತ್ತು, ಮೀನಿನ ಕಣ್ಣಿನಷ್ಟು ಚೂರು ಮಾಡಿ ಕೊಡಿ. ಶೃಂಗೇರಿಯಲ್ಲಿ ತುಂಗೆಯ ಮೀನಿಗೆ ಮಂಡಕ್ಕಿ ಹಾಕಿ ಬಂದವರು ಮನೆಯ ಗಾಜಿನ ಡಬ್ಬಕ್ಕೂ ಅದನ್ನೇ ಹಾಕುತ್ತಾರೆ! ಅದು ಹರಿಯುವ ಹೊಳೆ, ಇದು ನಿಂತ ನೀರು. ಗೋಲ್ಡ್ ಫಿಷ್ಷಿಗೆ ಹೊಟ್ಟೆ ಅಂತ ಬೇರೆ ಚೀಲವೇ ಇಲ್ಲ, ಬಾಯಿಂದ ನೇರ ಕರುಳಿಗೆ. ತೇಲುವ ಕಾಳನ್ನೂ ಒಂದು ನಿಮಿಷ ನೆನೆಸಿಯೇ ಹಾಕಿ.

ರೆಕ್ಕೆಯ ಅಂಚು ಬಿಳಿಚಿ ಹರಿದಿದ್ದರೆ ಉಪ್ಪಿನ ಟಬ್ ಒಂದು ವಾರ, ವಾಸಿಯಾಗುವ ಲಕ್ಷಣ ಕಾಣದಿದ್ದರೆ ಮೀನು ಗೊತ್ತಿರುವ ವೈದ್ಯರನ್ನು ಕೇಳಿ. ಹತ್ತಿಯಂಥ ಬೂಷ್ಟು ಬಂದಾಗ ಮಾತ್ರ ಆ ನೀಲಿ ಔಷಧಿ, ಅದೂ ಟಬ್ಬಿಗೆ. ಮೇಲಿಂದ ನೋಡಿದಾಗ ಹುರುಪೆಗಳೆಲ್ಲ ನಿಮಿರಿ ನಿಂತು ಹೊಟ್ಟೆ ಊದಿದ್ದರೆ ಉಳಿಯುವುದು ಕಷ್ಟ, ಅದಕ್ಕೆ ಸಿಕ್ಕಿದ್ದೆಲ್ಲ ಸುರಿದು ಹಿಂಸೆ ಕೊಡಬೇಡಿ.

ಗುಣವಾದ ಮೀನನ್ನು ಎತ್ತಿ ನೇರ ಟ್ಯಾಂಕಿಗೆ ಬಿಡಬಾರದು. ದಿನಕ್ಕೆ ಮೂರರಲ್ಲೊಂದು ಪಾಲು ನೀರು ತೆಗೆದು ಸಪ್ಪೆ ನೀರು ಸೇರಿಸುತ್ತಾ ಮೂರು ದಿನದಲ್ಲಿ ಉಪ್ಪು ಇಳಿಸಿ, ಆಮೇಲೆ ಬಿಡಿ. ಟಬ್ಬಿಗೆ ಬಳಸಿದ ಬಲೆ ಟ್ಯಾಂಕಿಗೆ ಬೇಡ, ಅದನ್ನು ಬಿಸಿಲಿನಲ್ಲಿ ಗರಿಗರಿಯಾಗಿ ಒಣಗಿಸಿ ಬೇರೆಯೇ ನೇತುಹಾಕಿ.