ಗಂಡಭೇರುಂಡಕ್ಕೆ ಹಾಡು ಕಟ್ಟಿದ್ದು

ಗಂಡಭೇರುಂಡ ನಮಗೆಲ್ಲ ತೀರಾ ಪರಿಚಯದ ಹಕ್ಕಿ. ರಾಜ್ಯದ ಲಾಂಛನದಲ್ಲಿದೆ, ಕೆಎಸ್‌ಆರ್‌ಟಿಸಿ ಲೋಗೋದಲ್ಲಿದೆ. ಅದಕ್ಕೇ ಅದರ ಮೇಲೆ ಹಾಡು ಬರೆಯೋದು ಕಷ್ಟ. ಹೆಸರು ಕಿವಿಗೆ ಬಿದ್ದ ಕೂಡಲೇ ಜನ ಕಹಳೆ, ನಗಾರಿ, ಎದೆ ತಟ್ಟಿಕೊಳ್ಳುವ ಸಾಲುಗಳಿಗೆ ಕಾಯುತ್ತಾರೆ. ಹೀರೋ ಎಂಟ್ರಿ ಇರುತ್ತಲ್ಲ, ಹಾಗೆ. ನಮ್ಮ ಬ್ಯಾಂಡಿಗೆ ಬರೆಯುವಾಗ ನಾನು ಆ ದಾರಿ ಹಿಡಿಯಲಿಲ್ಲ. ಹೊಗಳಿಕೆಯ ಹಾಡಿನಲ್ಲಿ ಪ್ರಾಣಿ ಏನೂ ಮಾಡುವುದಿಲ್ಲ, ಸುಮ್ನೆ ನಿಂತಿರುತ್ತದೆ.

ನನಗೆ ದಾರಿ ತೋರಿಸಿದ್ದು ಬೇಲೂರು. 1117ರಲ್ಲಿ ಪ್ರತಿಷ್ಠೆಯಾದ ಚೆನ್ನಕೇಶವ ದೇವಾಲಯದಲ್ಲಿ ಒಂದು ಕೆತ್ತನೆ ಇದೆ. ಜಿಂಕೆಯನ್ನು ಹೆಬ್ಬಾವು ಹಿಡಿದಿದೆ. ಹಾವನ್ನು ಆನೆ, ಆನೆಯನ್ನು ಸಿಂಹ, ಸಿಂಹವನ್ನು ಶರಭ ಎಂಬ ಪುರಾಣದ ಮೃಗ. ಕೊನೆಗೆ ಶರಭದ ಮೇಲೆ ಗಂಡಭೇರುಂಡ. ಇದು ಆಗಲೇ ಅರ್ಧ ಹಾಡು, ಅಲ್ವಾ? ಒಂದಕ್ಕೊಂದು ಕೊಂಡಿ ಹಾಕಿಕೊಂಡು ಹೋಗುವ ಮಕ್ಕಳ ಪದ್ಯದ ಹಾಗೇ ಇದೆ. ಮನೆಯಲ್ಲಿ ಮಾತಾಡುವಂತೆಯೇ ಬರೆದುಕೊಂಡೆ:

ಜಿಂಕೇನ ಹಾವು, ಹಾವನ್ನ ಆನೆ,
ಆನೇನ ಸಿಂಹ, ಸಿಂಹಾನ ಶರಭ

ಎಣಿಸಿ ನೋಡಿ. ಜಿಂಕೇನ ಐದು ಮಾತ್ರೆ, ಹಾವು ಮೂರು. ಹಾವನ್ನ ಐದು, ಆನೆ ಮೂರು. ನಾಲ್ಕು ತುಂಡೂ ಐದು ಮೂರು, ಐದು ಮೂರು ಅಂತ ಎಂಟು ಮಾತ್ರೆಯ ಸುತ್ತಿಗೆ ಕೂತುಬಿಟ್ಟವು. ನನ್ನ ಜಾಣತನ ಇದರಲ್ಲಿ ಜಾಸ್ತಿ ಇಲ್ಲ. ತಮಟೆಯವರಿಗೆ ನಾನು ತಾಳ ಹೇಳಿಕೊಡಲೇ ಇಲ್ಲ, ಸಾಲು ಓದಿದೆ, ಅಷ್ಟೇ.

ಮಜಾ ಇರುವುದು ಐದನೇ ತುಂಡಿನಲ್ಲಿ. 'ಶರಭಾನ' ಐದು ಮಾತ್ರೆ. ಆದರೆ 'ಗಂಡಭೇರುಂಡ' ಒಂದೇ ಎಂಟು ಮಾತ್ರೆ ನುಂಗುತ್ತದೆ, ಅದೂ ತಿರುಗುಮುರುಗಾಗಿ: ಗಂಡ ಮೂರು, ಭೇರುಂಡ ಐದು. ಹೆಸರನ್ನು ಕತ್ತರಿಸಿ 'ಭೇರುಂಡ' ಮಾಡು ಎಂದು ಗೆಳೆಯರು ಹೇಳಿದರು. ನಾನು ಒಪ್ಪಲಿಲ್ಲ. 'ಶರಭಾನ' ಆದ ಮೇಲೆ ಮೂರು ಮಾತ್ರೆ ಬ್ಯಾಂಡಿನವರೆಲ್ಲ ವಾದ್ಯದಿಂದ ಕೈ ಎತ್ತಬೇಕು, ಬರೀ ಮೌನ. ಆಮೇಲೆ ಪೂರ್ತಿ ಸುತ್ತು ಹಕ್ಕಿಯದೇ. ಹೊಗಳುವ ಒಂದು ಪದವೂ ಬೇಕಾಗಲಿಲ್ಲ. ವೇದಿಕೆ ಮೇಲೆ ಹಾಡುವಾಗ ಆ ಖಾಲಿ ಜಾಗಕ್ಕೆ ಕಾದು ಕೂತ ಮಕ್ಕಳು ನಮಗಿಂತ ಮೊದಲೇ ಕೂಗಿಬಿಡುತ್ತಾರೆ.

ಚರಣಕ್ಕೆ ಪುರಾಣ ಎಷ್ಟು ತರಬೇಕು ಎಂಬುದು ಸೂಕ್ಷ್ಮದ ವಿಷಯ. ನರಸಿಂಹನನ್ನು ಅಡಗಿಸಲು ಶಿವ ಶರಭನಾದ ಎಂದು ಶೈವರು ಹೇಳುತ್ತಾರೆ. ಆ ಶರಭನನ್ನು ಮಣಿಸಲು ನರಸಿಂಹನೇ ಗಂಡಭೇರುಂಡನಾದ ಎಂದು ವೈಷ್ಣವರ ಉತ್ತರ. ಅದನ್ನು ಹಾಡಿದರೆ ನಾವು ಒಂದು ಪಕ್ಷ ಸೇರಿದಂತೆ. ಕಲ್ಲು ಕೆತ್ತಿದವರು ಇಷ್ಟು ತಲೆ ಕೆಡಿಸಿಕೊಂಡ ಹಾಗೆ ಕಾಣುವುದಿಲ್ಲ. ಶೈವರ ದೊಡ್ಡ ನೆಲೆಯಾಗಿದ್ದ ಬಳ್ಳಿಗಾವಿಯಲ್ಲೇ 1047ರ ಗಂಡಭೇರುಂಡ ಸ್ತಂಭವಿದೆ. ಅಲ್ಲಿ ಅದಕ್ಕೆ ಮನುಷ್ಯನ ಮೈ, ಎರಡು ಹಕ್ಕಿತಲೆ. ನಾನು ದೇವರ ಜಗಳ ಬಿಟ್ಟು ಹಸಿವನ್ನಷ್ಟೇ ಇಟ್ಟುಕೊಂಡೆ.

ಎರಡು ತಲೆಗೆ ಇಬ್ಬರು ಗಾಯಕರು. ಒಬ್ಬರ ದನಿ ಎಡಗಿವಿಗೆ, ಇನ್ನೊಬ್ಬರದು ಬಲಗಿವಿಗೆ ಇಡೋಣ ಎಂದರು ರೆಕಾರ್ಡಿಂಗ್‌ನವರು. ಹೆಡ್‌ಫೋನ್‌ನಲ್ಲಿ ಚೆಂದ. ಆದರೆ ಒಂದೇ ಸ್ಪೀಕರಿನ ಫೋನಿನಲ್ಲಿ ಎರಡೂ ಕಲಸಿಹೋಗುತ್ತವೆ. ಹಾಗಾಗಿ ಒಬ್ಬರು ಕೆಳಗಿನ ಸ್ಥಾಯಿಯಲ್ಲಿ, ಇನ್ನೊಬ್ಬರು ಮೇಲಿನ ಸ್ಥಾಯಿಯಲ್ಲಿ ಒಂದೇ ಸ್ವರ ಹಾಡಿದರು. ಎಲ್ಲಿ ಕೇಳಿದರೂ ಎರಡು ಕೊರಳು, ಒಂದು ಮೈ.

ಈಗ ಮುಂದಿನ ಹಾಡಿಗೆ ಮಕರ ಎಂಬ ಪುರಾಣದ ಜಲಪ್ರಾಣಿಯನ್ನು ಹಿಡಿದುಕೊಂಡಿದ್ದೇನೆ. ಸೋಮನಾಥಪುರದ ದೇವಾಲಯದ ಗೋಡೆಯಲ್ಲಿ ಸಾಲುಸಾಲಾಗಿ ಇದೆ. ಆದರೆ ಅಲ್ಲಿ ಅದು ಯಾರನ್ನೂ ತಿನ್ನುವುದಿಲ್ಲ, ಯಾರ ಜೊತೆಗೂ ಜಗಳವಿಲ್ಲ, ಒಂದರ ಹಿಂದೆ ಒಂದು ನಡೆಯುತ್ತದೆ ಅಷ್ಟೇ. ಸಾಹಿತ್ಯವೇ ಬೇಡ, ಬೇಸ್ ಗಿಟಾರ್ ಒಂದೇ ಸಾಕು ಅನ್ನಿಸುತ್ತಿದೆ.