ಅನುದಾನದ ಅವಧಿ ಮುಗಿದ ಮೇಲೂ ನಡೆಯಬೇಕಾದ ಜಾಲತಾಣಗಳು: ನನ್ನ ಅನುಭವ

ಲಾಭರಹಿತ ಸಂಸ್ಥೆಗಳಿಗೆ ಮಾತ್ರ ಜಾಲತಾಣ ಕಟ್ಟಿಕೊಡುವ ಸಣ್ಣ ಕಂಪನಿಯೊಂದನ್ನು ನಡೆಸುತ್ತಿದ್ದೇನೆ. ಈ ಕೆಲಸ ಅರ್ಧ ಸೇವೆ, ಅರ್ಧ ವ್ಯಾಪಾರವೆಂದು ಹೊರಗಿನವರು ತಿಳಿಯುವುದುಂಟು. ನನ್ನ ಲೆಕ್ಕದಲ್ಲಿ ಇದು ಪೂರ್ತಿ ವ್ಯಾಪಾರವೇ, ಗ್ರಾಹಕರ ಕೈಗೆ ಹಣ ಬರುವ ದಾರಿ ಮಾತ್ರ ಬೇರೆ. ಖಾಸಗಿ ಉದ್ಯಮದಲ್ಲಿ ಹಣ ಕೊಡುವವರೂ ತೀರ್ಮಾನಿಸುವವರೂ ಬಹುಮಟ್ಟಿಗೆ ಒಬ್ಬರೇ ಆಗಿರುತ್ತಾರೆ. ಇಲ್ಲಿ ಹಣ ದಾನಿಯದು, ಒಪ್ಪಿಗೆ ಆಡಳಿತ ಮಂಡಳಿಯದು, ದಿನವೂ ಪುಟಗಳನ್ನು ತಿದ್ದುವ ಕೆಲಸ ಬೇರೆ ಹತ್ತು ಜವಾಬ್ದಾರಿ ಹೊತ್ತಿರುವ ಒಬ್ಬ ಸಿಬ್ಬಂದಿಯದು. ನಮ್ಮ ದರ, ಒಪ್ಪಂದ, ತಂತ್ರಾಂಶದ ಆಯ್ಕೆ ಎಲ್ಲವನ್ನೂ ಈ ಮೂವರನ್ನು ಮನಸ್ಸಿನಲ್ಲಿಟ್ಟುಕೊಂಡೇ ರೂಪಿಸಿದ್ದೇನೆ.

ಅನುದಾನವೆಂದರೆ ಅದಕ್ಕೊಂದು ಆರಂಭದ ದಿನಾಂಕ, ಒಂದು ಮುಕ್ತಾಯದ ದಿನಾಂಕ ಇದ್ದೇ ಇರುತ್ತದೆ. ಹೊಸ ಜಾಲತಾಣ ಕಟ್ಟುವ ಖರ್ಚನ್ನು ಆ ಅವಧಿಯೊಳಗೆ ತೋರಿಸುವುದು ಸುಲಭ. ಕಟ್ಟಿದ್ದನ್ನು ವರ್ಷ ವರ್ಷವೂ ನೋಡಿಕೊಳ್ಳುವ ಖರ್ಚನ್ನು ತೋರಿಸುವುದು ಕಷ್ಟ. ಜಾಲತಾಣ ಕಟ್ಟಲು ಬಳಸುವ ಡ್ರೂಪಲ್ ಎಂಬ ತಂತ್ರಾಂಶದ, 2011ರ ಜನವರಿಯಲ್ಲಿ ಬಂದ 7ನೆಯ ಆವೃತ್ತಿಯ ಬೆಂಬಲವನ್ನು 2021ರ ನವೆಂಬರ್‌ನಲ್ಲಿ ನಿಲ್ಲಿಸುವುದಾಗಿ ಮೊದಲು ಪ್ರಕಟಿಸಿ, ಮತ್ತೆ ಮತ್ತೆ ಮುಂದೂಡಿ, ಕೊನೆಗೆ 2025ರ ಜನವರಿ 5ರಂದು ನಿಲ್ಲಿಸಿದರು. ಅಷ್ಟು ವರ್ಷಗಳ ಮುನ್ಸೂಚನೆಯಿದ್ದರೂ ನಮ್ಮ ಬಳಿ ಬಂದ ಕೆಲವು ಸಂಸ್ಥೆಗಳು ಆ ದಿನದವರೆಗೂ ಅದೇ ಆವೃತ್ತಿಯಲ್ಲಿ ಉಳಿದಿದ್ದವು. ಅದನ್ನು ಅಸಡ್ಡೆ ಎಂದು ನಾನು ಕರೆಯಲಾರೆ. ಮುಂದಿನ ಆವೃತ್ತಿಗೆ ಹೋಗುವುದೆಂದರೆ ತಾಣವನ್ನು ಬಹುಪಾಲು ಹೊಸದಾಗಿ ಕಟ್ಟುವುದೇ ಆಗಿತ್ತು. ಅದಕ್ಕೆ ಯಾವ ದಾನಿಯೂ ಹಣ ತೆಗೆದಿಟ್ಟಿರಲಿಲ್ಲ.

ಆದ್ದರಿಂದ ಮೂರು ವರ್ಷಗಳ ನಿರ್ವಹಣೆಯನ್ನು ಮೊದಲ ಒಪ್ಪಂದದೊಳಗೇ ಸೇರಿಸಿ, ಅದರ ಹಣವನ್ನೂ ಕಟ್ಟುವ ಖರ್ಚಿನ ಜೊತೆಗೇ ಮುಂಗಡವಾಗಿ ಪಡೆಯುತ್ತೇನೆ. ಇದು ಸಾಧ್ಯವಾಗಬೇಕಾದರೆ ಸಂಸ್ಥೆ ಅನುದಾನದ ಪ್ರಸ್ತಾವನೆ ಬರೆಯುವ ಹಂತದಲ್ಲಿಯೇ ನಾವು ಅಲ್ಲಿರಬೇಕು. ಹಣ ಮಂಜೂರಾದ ಮೇಲೆ ಬರುವ ವೆಬ್ ಕಂಪನಿಗೆ ಬಜೆಟ್ಟಿನ ಒಂದು ಸಾಲನ್ನೂ ಬದಲಿಸುವ ಅವಕಾಶ ಉಳಿದಿರುವುದಿಲ್ಲ. ಪ್ರಸ್ತಾವನೆಗೆ ಬೇಕಾದ ಒಂದು ಪುಟದ ತಾಂತ್ರಿಕ ಟಿಪ್ಪಣಿಯನ್ನೂ ಅಂದಾಜು ವೆಚ್ಚವನ್ನೂ ನಾವು ಶುಲ್ಕವಿಲ್ಲದೆ ಬರೆದುಕೊಡುತ್ತೇವೆ. ನಾವು ಬಿಟ್ಟಿಯಾಗಿ ಮಾಡುವ ಕೆಲಸ ಬಹುಮಟ್ಟಿಗೆ ಅದೊಂದೇ, ಮತ್ತು ನಮ್ಮ ಹೆಚ್ಚಿನ ಗ್ರಾಹಕರು ಬಂದಿರುವುದೂ ಅದರಿಂದಲೇ. ರಿಯಾಯಿತಿ ಕೊಡುವಾಗ ಬಿಲ್ಲಿನಲ್ಲಿ ಪೂರ್ಣ ದರವನ್ನು ಬರೆದು, ಅದರ ಕೆಳಗೆ ರಿಯಾಯಿತಿಯನ್ನು ಕಳೆದು ತೋರಿಸುತ್ತೇನೆ. ಹಾಗೆ ಮಾಡದಿದ್ದರೆ ಮಂಡಳಿಗೆ ಮುಂದಿನ ವರ್ಷ ಬರುವ ಹೊಸ ಸದಸ್ಯರು ಇಳಿಸಿದ ದರವನ್ನೇ ನಿಜವಾದ ದರವೆಂದುಕೊಳ್ಳುತ್ತಾರೆ.

ಕೆಲಸ ಒಪ್ಪಿಕೊಳ್ಳುವ ಮೊದಲು ನಾನು ಕೇಳುವ ಮೊದಲ ಪ್ರಶ್ನೆ ವಿನ್ಯಾಸದ ಬಗ್ಗೆ ಇರುವುದಿಲ್ಲ; ಡೊಮೇನ್, ಅಂದರೆ ತಾಣದ ವಿಳಾಸವಾಗಿ ನೋಂದಾಯಿಸಿದ ಹೆಸರು, ಯಾರ ಹೆಸರಿನಲ್ಲಿದೆ ಎಂಬುದೇ ಆ ಪ್ರಶ್ನೆ. ಸಂಸ್ಥೆ ಬಿಟ್ಟುಹೋದ ಸ್ವಯಂಸೇವಕರೊಬ್ಬರ ಸ್ವಂತ ಇಮೇಲ್‌ನಲ್ಲಿ ನೋಂದಣಿಯಾಗಿರುವುದು, ನವೀಕರಣದ ಸೂಚನೆಗಳೆಲ್ಲ ಅವರು ತೆರೆಯದ ಅಂಚೆಪೆಟ್ಟಿಗೆಗೆ ಹೋಗುತ್ತಿರುವುದು ತೀರ ಸಾಮಾನ್ಯ. ಡಾಟ್ ಆರ್ಗ್‌ನಂಥ ಡೊಮೇನ್‌ನ ಅವಧಿ ಮುಗಿದು, ನೋಂದಣಿ ಕಂಪನಿ ಅದನ್ನು ಅಳಿಸಿದ ಮೇಲೆ ಹೆಚ್ಚಿನ ಶುಲ್ಕ ಕೊಟ್ಟು ಬಿಡಿಸಿಕೊಳ್ಳಲು 30 ದಿನಗಳ ಅವಕಾಶವಿರುತ್ತದೆ. ಅದೂ ದಾಟಿದರೆ ಯಾರು ಬೇಕಾದರೂ ಕೊಳ್ಳಬಹುದು. ಹಳೆಯ ಸಂಸ್ಥೆಯ ವಿಳಾಸಕ್ಕೆ ಪತ್ರಿಕೆಗಳಿಂದ, ವಿಶ್ವವಿದ್ಯಾಲಯಗಳಿಂದ ಕೊಂಡಿಗಳಿದ್ದು, ಹುಡುಕುಯಂತ್ರಗಳು ಅದನ್ನು ಮೇಲೆ ತೋರಿಸುವ ಸಾಧ್ಯತೆಯಿರುವುದರಿಂದ ಜೂಜಿನ ತಾಣಗಳನ್ನು ನಡೆಸುವವರು ಅಂಥ ಹೆಸರುಗಳಿಗಾಗಿ ಕಾದಿರುತ್ತಾರೆ. ಡೊಮೇನ್ ಸಂಸ್ಥೆಯ ಹೆಸರಿಗೆ ವರ್ಗವಾಗಿ, ಹುದ್ದೆಗೆ ಸೇರಿದ ಇಮೇಲ್ ವಿಳಾಸಕ್ಕೆ ಜೋಡಣೆಯಾಗುವವರೆಗೆ ನಾವು ಒಂದು ಪುಟವನ್ನೂ ಕಟ್ಟುವುದಿಲ್ಲ. ನಮ್ಮ ಕಂಪನಿಯ ಹೆಸರಿನಲ್ಲಿ ನೋಂದಾಯಿಸಿಕೊಡಿ ಎಂದು ಕೇಳಿದವರಿಗೂ ಆಗುವುದಿಲ್ಲವೆಂದೇ ಹೇಳಿದ್ದೇನೆ.

ತಂತ್ರಾಂಶದ ವಿಷಯದಲ್ಲಿ ನಾನು ಸಾಂಪ್ರದಾಯಿಕ. ಹೆಚ್ಚಿನ ಕೆಲಸಗಳಿಗೆ ವರ್ಡ್‌ಪ್ರೆಸ್ ಬಳಸುತ್ತೇವೆ, ಏಕೆಂದರೆ ನಾವಿಲ್ಲದಿದ್ದರೂ ಅದನ್ನು ಬಲ್ಲ ಇನ್ನೊಬ್ಬರು ಸಂಸ್ಥೆಗೆ ಸಿಗುತ್ತಾರೆ. ಸದಸ್ಯತ್ವ ಮತ್ತು ದಾನಿಗಳ ವಿವರಕ್ಕೆ ಸಿವಿಸಿಆರ್‌ಎಂ ಎಂಬ ಮುಕ್ತ ತಂತ್ರಾಂಶವಿದೆ. ವರ್ಡ್‌ಪ್ರೆಸ್, ಡ್ರೂಪಲ್, ಜೂಮ್ಲಾ ಮೂರರ ಜೊತೆಗೂ ಅದು ಕೆಲಸ ಮಾಡುತ್ತದೆ. ಆದರೆ ದತ್ತಾಂಶವನ್ನು ಪ್ರತಿವಾರ ಸರಿಪಡಿಸುವ ಒಬ್ಬ ವ್ಯಕ್ತಿ ಸಂಸ್ಥೆಯಲ್ಲಿ ಇಲ್ಲದಿದ್ದರೆ ಅದನ್ನು ಸೂಚಿಸುವುದಿಲ್ಲ. ಅಂಥ ಕಡೆ ಅಚ್ಚುಕಟ್ಟಾದ ಒಂದು ಎಕ್ಸೆಲ್ ಕಡತವೇ ಹೆಚ್ಚು ವರ್ಷ ಬಾಳುತ್ತದೆ.

ನಾವು ಅತಿ ಹೆಚ್ಚು ಗಮನ ಕೊಡುವ ಪುಟ ದೇಣಿಗೆಯದು. ಕದ್ದ ಕಾರ್ಡ್‌ಗಳ ಸಂಖ್ಯೆಗಳು ಚಾಲ್ತಿಯಲ್ಲಿವೆಯೇ ಎಂದು ಪರೀಕ್ಷಿಸಲು ವಂಚಕರು ದೇಣಿಗೆ ಪುಟಗಳನ್ನು ಆರಿಸಿಕೊಳ್ಳುತ್ತಾರೆ, ಏಕೆಂದರೆ ಅಲ್ಲಿ ಎಷ್ಟು ಸಣ್ಣ ಮೊತ್ತವನ್ನಾದರೂ ಕೊಡಬಹುದು, ಯಾವ ಸರಕನ್ನೂ ತಲುಪಿಸಬೇಕಾಗಿಲ್ಲ. ರಾತ್ರಿ ಬೆಳಗಾಗುವುದರೊಳಗೆ ನೂರಾರು ಚಿಲ್ಲರೆ ದೇಣಿಗೆಗಳು ಬಂದುದನ್ನು ಕಂಡು ಪ್ರಚಾರ ಫಲಿಸಿತೆಂದು ಸಂಸ್ಥೆಯವರು ಹಿಗ್ಗುವುದೂ ಉಂಟು. ಆಮೇಲೆ ಕಾರ್ಡಿನ ಮಾಲೀಕರ ತಕರಾರುಗಳು, ಒಂದೊಂದಕ್ಕೂ ದಂಡದಂಥ ಶುಲ್ಕ, ಕೊನೆಗೆ ಪೇಮೆಂಟ್ ಗೇಟ್‌ವೇಯಲ್ಲಿನ (ಆನ್‌ಲೈನ್ ಪಾವತಿ ನಡೆಸಿಕೊಡುವ ಕಂಪನಿಯಲ್ಲಿನ) ಖಾತೆಯೇ ಸ್ಥಗಿತಗೊಳ್ಳುವ ಅಪಾಯ. ಕನಿಷ್ಠ ಮೊತ್ತವೊಂದನ್ನು ಗೊತ್ತುಮಾಡುವುದು, ಒಂದೇ ಅಂತರಜಾಲ ವಿಳಾಸದಿಂದ ಬರುವ ಪ್ರಯತ್ನಗಳಿಗೆ ಮಿತಿ ಹಾಕುವುದು, ಕ್ಯಾಪ್ಚಾ ಇಡುವುದು, ವಿಫಲವಾದ ಪಾವತಿಗಳು ಏಕಾಏಕಿ ಹೆಚ್ಚಿದರೆ ನಮಗೆ ಸಂದೇಶ ಬರುವಂತೆ ಮಾಡುವುದು, ಇವಿಷ್ಟನ್ನೂ ಪುಟ ತೆರೆದುಕೊಳ್ಳುವ ದಿನವೇ ಸಿದ್ಧವಿಟ್ಟಿರುತ್ತೇವೆ. ಕಾರ್ಡಿನ ಸಂಖ್ಯೆ ನಮ್ಮ ಸರ್ವರ್‌ಗೆ ಎಂದಿಗೂ ಬರುವುದಿಲ್ಲ. ಗೇಟ್‌ವೇಯವರ ಪುಟದಲ್ಲಿಯೇ ಪಾವತಿ ನಡೆಯುತ್ತದೆ. ರಸೀದಿಯ ಇಮೇಲ್ ದಾನಿಗೆ ತಲುಪುವುದೂ ಇದೇ ಕೆಲಸದ ಭಾಗ. ಜಿಮೇಲ್ ಮತ್ತು ಯಾಹೂ 2024ರ ಫೆಬ್ರುವರಿಯಿಂದ ಕಳುಹಿಸುವವರ ಗುರುತಿನ ಪರಿಶೀಲನೆಯನ್ನು ಬಿಗಿಗೊಳಿಸಿದ ಮೇಲೆ, ಪತ್ರ ನಿಜವಾಗಿ ಆ ಡೊಮೇನ್‌ನವರೇ ಕಳುಹಿಸಿದ್ದೆಂದು ತೋರಿಸುವ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ದಾಖಲೆಗಳಿಲ್ಲದ ಸಂಸ್ಥೆಗಳ ಪತ್ರಗಳು ತಿರಸ್ಕೃತವಾಗುವ, ಇಲ್ಲವೇ ಸ್ಪ್ಯಾಮ್‌ಗೆ ಬೀಳುವ ಸಾಧ್ಯತೆ ಹೆಚ್ಚಿದೆ.

ಎಲ್ಲರೂ ಬಳಸಬಲ್ಲಂತೆ ಕಟ್ಟುವುದರಲ್ಲಿ ನಾವು ಅಂಗವಿಕಲರೂ ಬಳಸಬಲ್ಲ ಜಾಲತಾಣಗಳಿಗಾಗಿ ಇರುವ ಅಂತರರಾಷ್ಟ್ರೀಯ ಮಾರ್ಗಸೂಚಿಯಾದ ಡಬ್ಲ್ಯುಸಿಎಜಿ 2.2ರ ಎರಡನೆಯ ಮಟ್ಟವನ್ನು (ಎಎ) ಪಾಲಿಸುತ್ತೇವೆ. ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಹೊಳಪಿನಲ್ಲಿ ಕನಿಷ್ಠ 4.5:1ರ ವ್ಯತ್ಯಾಸವಿರಬೇಕೆಂಬ ಅದರ ನಿಯಮ ಸಂಸ್ಥೆಗಳ ಲಾಂಛನದ ತೆಳುಬಣ್ಣಗಳೊಡನೆ ಆಗಾಗ ಜಗಳಕ್ಕೆ ಬೀಳುತ್ತದೆ. ಬಣ್ಣಕ್ಕಿಂತ ದೊಡ್ಡ ತೊಡಕು ವಾರ್ಷಿಕ ವರದಿ. ಅದನ್ನು ಮುದ್ರಿಸಿ, ಸಹಿ ಹಾಕಿಸಿ, ಸ್ಕ್ಯಾನ್ ಮಾಡಿ ಪಿಡಿಎಫ್ ಆಗಿ ಏರಿಸಿದರೆ ಅದು ಬರೀ ಚಿತ್ರ. ದೃಷ್ಟಿಹೀನರಿಗೆ ಪುಟವನ್ನು ಓದಿ ಹೇಳುವ ಸ್ಕ್ರೀನ್ ರೀಡರ್‌ಗೆ ಅದರಲ್ಲಿ ಓದಲು ಏನೂ ಸಿಗುವುದಿಲ್ಲ.

ಮಂಡಳಿಯೊಡನೆ ವ್ಯವಹರಿಸುವಾಗ ಅಂತಿಮ ಒಪ್ಪಿಗೆ ಕೊಡುವ ಒಬ್ಬರ ಹೆಸರನ್ನು ಒಪ್ಪಂದದಲ್ಲಿಯೇ ಬರೆಸುತ್ತೇನೆ, ತಿದ್ದುಪಡಿಗೆ ಎರಡು ಸುತ್ತು ಮಾತ್ರ ಎಂದೂ ಸೇರಿಸುತ್ತೇನೆ. ಮುಖಪುಟದಲ್ಲಿ ಯಾವ ಕಾರ್ಯಕ್ರಮ ಮೇಲಿರಬೇಕು ಎಂಬ ಚರ್ಚೆ ನಿಜವಾಗಿ ಸಂಸ್ಥೆಯೊಳಗಿನ ಆದ್ಯತೆಗಳ ಚರ್ಚೆ. ಅದನ್ನು ಇತ್ಯರ್ಥಪಡಿಸುವುದು ವಿನ್ಯಾಸಕಾರರ ಕೆಲಸವಲ್ಲ.

ಕಂಪನಿಯ ಹಣಕಾಸಿನಲ್ಲಿ ನಾನು ಪ್ರತಿ ತಿಂಗಳೂ ನೋಡುವ ಪಟ್ಟಿಯಲ್ಲಿ ಗ್ರಾಹಕರ ಹೆಸರಿನ ಪಕ್ಕದಲ್ಲಿ ಅವರ ಮುಖ್ಯ ದಾನಿಯ ಹೆಸರೂ ಇರುತ್ತದೆ. ಒಬ್ಬನೇ ದಾನಿಯನ್ನು ನೆಚ್ಚಿದ ಮೂರು ಸಂಸ್ಥೆಗಳು ನನ್ನ ಲೆಕ್ಕಕ್ಕೆ ಒಬ್ಬ ಗ್ರಾಹಕ ಮಾತ್ರ, ಏಕೆಂದರೆ ಆ ದಾನಿಯ ಆದ್ಯತೆ ಬದಲಾದ ವರ್ಷ ಮೂವರ ಒಪ್ಪಂದದ ನವೀಕರಣವೂ ಒಟ್ಟಿಗೇ ನಿಂತುಹೋಗುತ್ತದೆ. ಹಾಗೆ ನಿಂತರೂ ತಾಣ ಬೀಳಬಾರದೆಂದು, ಮೂರನೆಯ ವರ್ಷದ ಕೊನೆಯ ತಿಂಗಳಲ್ಲಿ ಅನಗತ್ಯ ಪ್ಲಗಿನ್‌ಗಳನ್ನು (ತಾಣಕ್ಕೆ ಸೇರಿಸಿದ ಹೆಚ್ಚುವರಿ ತಂತ್ರಾಂಶಗಳನ್ನು) ತೆಗೆದು, ಸ್ವಯಂಚಾಲಿತ ನವೀಕರಣವನ್ನೂ ಬ್ಯಾಕಪ್ಪನ್ನೂ ಹೊಂದಿಸಿ, ಎಲ್ಲ ಲಾಗಿನ್‌ಗಳ ವಿವರವುಳ್ಳ ಹಸ್ತಾಂತರ ಕಡತವನ್ನು ಸಂಸ್ಥೆಯ ಇಬ್ಬರು ವ್ಯಕ್ತಿಗಳಿಗೆ ಒಪ್ಪಿಸುತ್ತೇವೆ. ಅದೇ ಕಡತದೊಳಗೆ ಮುಂದಿನ ಅನುದಾನದ ಅರ್ಜಿಯಲ್ಲಿ ಸೇರಿಸಬಹುದಾದ ನಿರ್ವಹಣೆಯ ಅಂದಾಜು ವೆಚ್ಚವೂ ಇರುತ್ತದೆ.